ಚಾವಿಯೊಳಗಿನ ಚಾವಿ, ಮತ್ತೆ ಅರವತ್ತು ರೂಪಾಯಿ ಸೆಲ್ಲು

ಡಿಸೆಂಬರ್ ತಿಂಗಳು, ಬೆಳಿಗ್ಗೆ ಏಳು ಗಂಟೆ, ಗಾಣಗಾಪುರದ ಸಂಗಮದ ದಂಡೆ. ಮೈಮೇಲೆ ಒದ್ದೆ ಪಂಚೆ ಬಿಟ್ಟರೆ ಏನೂ ಇಲ್ಲ. ಒಣ ಬಟ್ಟೆ, ಪರ್ಸು, ಫೋನು, ಚಪ್ಪಲಿ ಎಲ್ಲಾ ಕಾರಿನ ಒಳಗೆ. ಕಾರಿನ ಬಾಗಿಲು ತೆಗೀತಿಲ್ಲ. ಕೈಯಲ್ಲಿ ರಿಮೋಟ್ ಚಾವಿ ಇದೆ, ಗುಂಡಿ ಒತ್ತುತ್ತಲೇ ಇದ್ದೀನಿ, ಕಾರು ಮಾತ್ರ ಸಾಲ ಕೊಟ್ಟವನನ್ನು ಕಂಡವರ ಹಾಗೆ ಗುರುತೇ ಇಲ್ಲ ಅಂತ ನಿಂತಿದೆ.

ಕಾರಣ ಒಂದು ಸೆಲ್ಲು. ಹೆಚ್ಚು ಕಮ್ಮಿ ಒಂದು ರೂಪಾಯಿ ನಾಣ್ಯದಷ್ಟೇ ಅಗಲ. ಅದನ್ನು ಬದಲಾಯಿಸೋದು ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದ ಕೆಲಸಕ್ಕೆ ನಾನು ಒಂದು ವಾರ, ಎರಡು ಸೆಲ್ಲು ಮತ್ತು ಮನೆಯವಳ ಹತ್ತಿರ ಇದ್ದ ಸ್ವಲ್ಪ ಮರ್ಯಾದೆ ಖರ್ಚು ಮಾಡಿದೆ. ಅದಕ್ಕೇ ಬರೀತಿದ್ದೀನಿ.

ನಮ್ಮದು ಕೆಎ 32 ಗಾಡಿ, ಅಂದರೆ ಕಲಬುರಗಿ. ಊರಿನ ಹೆಸರು 2014ರಲ್ಲೇ ಬದಲಾಯಿತು, ಅವ್ವ ಮಾತ್ರ ಇವತ್ತಿಗೂ ಗುಲಬರ್ಗಾ ಅಂತಲೇ ಅನ್ನುತ್ತಾಳೆ. ಕಾರಿಗೆ ನಾಲ್ಕು ವರ್ಷ. ಚಾವಿ ಕಿಸೆಯಲ್ಲಿದ್ದರೆ ಸಾಕು, ಬಾಗಿಲ ಹಿಡಿಕೆ ಮೇಲಿನ ಗುಂಡಿ ಒತ್ತಿದರೆ ತೆಗೆಯುತ್ತೆ, ಒಳಗೆ ಕೂತು ಸ್ಟಾರ್ಟ್ ಬಟನ್ ಒತ್ತಿದರೆ ಹೊರಡುತ್ತೆ. ನಾಲ್ಕು ವರ್ಷದಲ್ಲಿ ಚಾವಿಯನ್ನು ಎಲ್ಲಿಗೂ ತೂರಿಸಿ ತಿರುಗಿಸಿದ್ದೇ ಇಲ್ಲ. ಹಾಗಾಗಿ ತೂರಿಸೋಕೆ ಒಂದು ತೂತು ಇದೆ ಅನ್ನೋದೂ ಗೊತ್ತಿರಲಿಲ್ಲ.

ಸೂಚನೆ ಸಿಕ್ಕಿರಲಿಲ್ಲ ಅಂತಲ್ಲ. ಎರಡು ವಾರದಿಂದ ಸಿಗುತ್ತಲೇ ಇತ್ತು. ಮೊದಲು ಮಹಡಿಯಿಂದ ಒತ್ತಿದರೂ ಲಾಕ್ ಆಗುತ್ತಿದ್ದ ಕಾರು ಆಮೇಲಾಮೇಲೆ ಡಿಕ್ಕಿ ಪಕ್ಕ ನಿಂತು ಒತ್ತಿದರೆ ಮಾತ್ರ ಕೇಳುತ್ತಿತ್ತು. ಬೆಳಿಗ್ಗೆ ಆಫೀಸಿಗೆ ಹೊರಟಾಗ ಮೂರು ನಾಲ್ಕು ಸಲ ಒತ್ತಬೇಕು, ಮಧ್ಯಾಹ್ನ ಊಟಕ್ಕೆ ಬರುವಾಗ ಒಂದೇ ಸಲಕ್ಕೆ ಸರಿ. ನಾನು ಮಂಜು ಬಿದ್ದಿರಬೇಕು ಅಂದುಕೊಂಡೆ. ಕಲಬುರಗಿಯಲ್ಲಿ ಮಂಜು! ಮೀಟರ್ ಪಕ್ಕದಲ್ಲಿ ಒಂದು ಚಾವಿ ಚಿತ್ರ, ಅದರ ಜೊತೆ ಬ್ಯಾಟರಿ ಚಿತ್ರ ಆಗಾಗ ಬಂದು ಹೋಗುತ್ತಿತ್ತು. ಅದು ಬಾನೆಟ್ ಕೆಳಗಿನ ದೊಡ್ಡ ಬ್ಯಾಟರಿ ಇರಬೇಕು, ಸರ್ವಿಸಿಂಗ್ ಟೈಮಿಗೆ ನೋಡೋಣ ಅಂತ ಬಿಟ್ಟೆ.

ಈಗ ಗೊತ್ತಾಗಿದೆ, ಬೆಳಿಗ್ಗೆ ಕೈಕೊಟ್ಟು ಮಧ್ಯಾಹ್ನ ಸರಿಹೋಗೋದೇ ಸೆಲ್ ಮುಗಿಯುತ್ತಾ ಬಂದಿರೋದರ ಲಕ್ಷಣ. ಚಳಿಯಲ್ಲಿ ಈ ಸೆಲ್ಲಿನ ಒಳಗಿನ ತಡೆ ಜಾಸ್ತಿ ಆಗುತ್ತೆ, ಗುಂಡಿ ಒತ್ತಿದಾಗ ಬೇಕಾದಷ್ಟು ಕರೆಂಟ್ ಕೊಡೋಕೆ ಆಗಲ್ಲ. ಹೊಸ ಸೆಲ್ಲಿಗೆ ನಮ್ಮೂರ ಚಳಿ ಲೆಕ್ಕಕ್ಕಿಲ್ಲ. ಹಳೇದಕ್ಕೆ ಅಷ್ಟೇ ಸಾಕು. ಬೇಸಿಗೆ ಇನ್ನೊಂದು ಥರ ಕಾಡುತ್ತೆ: ಬಿಸಿ ಹೆಚ್ಚಿದಷ್ಟೂ ಸೆಲ್ಲು ಸುಮ್ನೆ ಇದ್ದರೂ ತಾನೇ ತಾನಾಗಿ ಕರಗುತ್ತೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟೋದು ದೊಡ್ಡ ಸುದ್ದಿಯೇ ಅಲ್ಲ. ಆ ಬಿಸಿಲಲ್ಲಿ ನಿಂತ ಕಾರಿನೊಳಗೆ ಚಾವಿ ಇಟ್ಟು ಹೋದರೆ ಅದರ ಗತಿ ನೀವೇ ಯೋಚಿಸಿ.

ಸರಿ, ಗಾಣಗಾಪುರಕ್ಕೆ ಬರೋಣ. ದತ್ತ ಜಯಂತಿ ಗದ್ದಲ ಶುರುವಾಗೋ ಮುಂಚೆ ಹೋಗಿ ಬರೋಣ ಅಂತ ಅವ್ವನ ಆಸೆ. ಬೆಳಿಗ್ಗೆ ಐದಕ್ಕೆ ಬಿಟ್ಟೆವು. ಚೌಡಾಪುರದಲ್ಲಿ ಚಹಾ ಕುಡಿದು ಸೀದಾ ಸಂಗಮಕ್ಕೆ. ಭೀಮಾ ಮತ್ತೆ ಅಮರ್ಜಾ ಕೂಡುವ ಜಾಗ, ಅಲ್ಲಿ ಮಿಂದು ಆಮೇಲೆ ಊರೊಳಗಿನ ಗುಡಿಗೆ ಪಾದುಕೆ ದರ್ಶನಕ್ಕೆ ಹೋಗೋದು ನಮ್ಮ ಮನೆ ಪದ್ಧತಿ. ಹೆಂಗಸರು ತಮ್ಮ ಒಣ ಬಟ್ಟೆ ಚೀಲದಲ್ಲಿ ತಂದಿದ್ದರು. ಕಾರು ಹತ್ತಿರಾನೇ ಇದೆಯಲ್ಲ ಅಂತ ನನ್ನದನ್ನು ನಾನು ಕಾರಲ್ಲೇ ಬಿಟ್ಟೆ. ಚಾವಿಯನ್ನು ಅವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮುಳುಗು ಹಾಕಿ ಬಂದು ಗಂಟು ಬಿಚ್ಚಿಸಿ ಗುಂಡಿ ಒತ್ತಿದೆ. ಇಲ್ಲ. ಮತ್ತೆ ಒತ್ತಿದೆ. ಚಾವಿಯ ಮೇಲೆ ಒಂದು ಚೂರು ಕೆಂಪು ದೀಪ ಮಿನುಗಬೇಕು, ಅದೂ ಇಲ್ಲ.

"ಬಾಗಿಲಾ ತಗಿಯೋ, ಥಂಡಿ ಹತ್ತತದ ನಿನಗ," ಅಂದಳು ಅವ್ವ.

"ತಗೀಲಿಕ್ಕೇ ನೋಡಾಕತ್ತೀನಿ ಅವ್ವಾ."

ಮನೆಯವಳು ಒಂದೇ ಮಾತು ಅಂದಳು. "ಹದಿನೈದು ದಿನ ಆಯ್ತು ನಾ ಹೇಳಾಕತ್ತು." ಅದಕ್ಕೆ ಉತ್ತರ ಇರಲಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದರಿಂದ ಉತ್ತರ ಇದ್ದರೂ ಹೇಳೋಕೆ ಆಗುತ್ತಿರಲಿಲ್ಲ.

ಇನ್ನೊಂದು ಚಾವಿ ಮನೆಯಲ್ಲಿ, ಅಲ್ಮಾರದಲ್ಲಿ, 40 ಕಿಲೋಮೀಟರ್ ದೂರ. ಅವಳ ಫೋನಿನಿಂದ ತಮ್ಮನಿಗೆ ಹಚ್ಚೋಣ, ಅವನು ಬೈಕ್ ಮೇಲೆ ತರಲಿ ಅಂತ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಎಂಎಚ್ 13 ಕ್ರೂಸರ್‌ನ ಡ್ರೈವರ್, ಅಕ್ಕಲಕೋಟ ಕಡೆಯವನು, ಬೀಡಿ ಆರಿಸಿ ಬಂದ.

"ಯಾಕ್ರಿ ಸಾಹೇಬ್ರ, ಸೆಲ್ ಮುಗೀತೇನ್ರಿ? ಕೊಡ್ರಿ ಇಲ್ಲಿ. ಚಾವಿ ಒಳಗ ಚಾವಿ ಇರ್ತದ, ನೋಡೀರೇನು?"

ನೋಡಿರಲಿಲ್ಲ. ಅವನು ಚಾವಿಯ ಹಿಂದೆ ಅಂಚಿನಲ್ಲಿದ್ದ ಒಂದು ಪುಟ್ಟ ಒತ್ತುಗುಂಡಿಯನ್ನು ಉಗುರಿನಿಂದ ಸರಿಸಿ, ಬಳೆ ಸಿಕ್ಕಿಸೋ ಕಡೆ ಹಿಡಿದು ಎಳೆದ. ಒಳಗಿಂದ ಕಬ್ಬಿಣದ ಚಾವಿ ಹೊರಗೆ ಬಂತು, ಬೆರಳಿನಷ್ಟು ಉದ್ದ, ನಾಲ್ಕು ವರ್ಷದಿಂದ ಬೆಳಕೇ ಕಾಣದ್ದು. ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ನಾನು ಬಾಗಿಲು ನೋಡಿದೆ, ತೂತಿಲ್ಲ. ಅವನು ನಕ್ಕ. ಡ್ರೈವರ್ ಬಾಗಿಲ ಹಿಡಿಕೆಯ ತುದಿಯಲ್ಲಿ ಕಾರಿನ ಬಣ್ಣದ್ದೇ ಒಂದು ಪ್ಲಾಸ್ಟಿಕ್ ಮುಚ್ಚಳ, ಅದರ ಕೆಳಗೆ ಒಂದು ಸೀಳು. ಆ ಸೀಳಿಗೆ ಚಾವಿ ತುದಿ ಕೊಟ್ಟು ಮೀಟಿದ. ಮುಚ್ಚಳ ಎದ್ದು ಬಂತು, ಹಿಂದೆ ಬೀಗದ ತೂತು ಕುಳಿತಿತ್ತು. ಎಲ್ಲಾ ಕಾರಿಗೂ ಇಷ್ಟು ಮುಚ್ಚುಮರೆ ಇರಲ್ಲ, ಕೆಲವಕ್ಕೆ ತೂತು ಬಯಲಲ್ಲೇ ಇರುತ್ತೆ. ನಮ್ಮದು ಮಾತ್ರ ನಾಚಿಕೆ ಸ್ವಭಾವದ್ದು.

ಚಾವಿ ತಿರುಗಿಸಿದೆ, ಬಾಗಿಲು ತೆಗೆದೆ, ಕಾರು ಕೂಗೋಕೆ ಶುರು ಮಾಡಿತು. ನಾಲ್ಕೂ ದೀಪ ಮಿನುಗಿಸುತ್ತಾ, ಸಂಗಮದ ದಂಡೆಯಲ್ಲಿದ್ದ ಅಷ್ಟೂ ಜನ ತಿರುಗಿ ನೋಡುವ ಹಾಗೆ. ರಿಮೋಟಿನಿಂದ ಲಾಕ್ ಮಾಡಿದ ಕಾರನ್ನು ಕಬ್ಬಿಣದ ಚಾವಿಯಿಂದ ತೆಗೆದರೆ ಅದು ಕಳ್ಳ ಬಂದ ಅಂತಲೇ ತಿಳಿದುಕೊಳ್ಳುತ್ತೆ. ಒದ್ದೆ ಪಂಚೆಯಲ್ಲಿ, ಬರಿಗಾಲಲ್ಲಿ ಕಾರಿನೊಳಗೆ ನುಗ್ಗುತ್ತಿದ್ದ ನನ್ನನ್ನು ನೋಡಿದರೆ ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು ಬಿಡಿ.

"ಗಾಬರಿ ಆಗಬ್ಯಾಡ್ರಿ. ಚಾವಿನ ಬಟನ್‌ಗೆ ಹಚ್ಚಿ ಹಿಡ್ದು, ಬ್ರೇಕ್ ತುಳ್ದು ಒತ್ರಿ," ಅಂದ ಡ್ರೈವರ್.

ಸತ್ತ ಚಾವಿಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದೆ. ಕೂಗು ನಿಂತಿತು, ಎಂಜಿನ್ ಶುರುವಾಯಿತು. ಚಹಾಕ್ಕೆ ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ, ಅವ್ವ ಕೊಟ್ಟ ಬಾಳೆಹಣ್ಣು ತಗೊಂಡ.

ಸೆಲ್ಲೇ ಸತ್ತಿದ್ದರೂ ಸ್ಟಾರ್ಟ್ ಹೇಗಾಯಿತು? ನನಗೂ ದಾರಿಯುದ್ದ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಚಾವಿಯೊಳಗೆ ಎರಡು ಬೇರೆ ಬೇರೆ ಸಂಸಾರ ಇವೆ. ಒಂದು ಗುಂಡಿ ಒತ್ತಿದಾಗ ದೂರದಿಂದ ರೇಡಿಯೋ ಸಂದೇಶ ಕಳಿಸೋದು. ನಮ್ಮಲ್ಲಿ ಓಡಾಡೋ ಬಹಳಷ್ಟು ಕಾರುಗಳದ್ದು 433 ಮೆಗಾಹರ್ಟ್ಸ್ ಆಸುಪಾಸಿನದು. ಅದಕ್ಕೆ ಸೆಲ್ಲು ಬೇಕೇ ಬೇಕು. ಇನ್ನೊಂದು ಸಣ್ಣ ಚಿಪ್ಪು, ಇದು ನಮ್ಮ ಕಾರಿನದೇ ಚಾವಿ ಅಂತ ಸಾಕ್ಷಿ ಹೇಳೋದು. ಅದಕ್ಕೆ ಸೆಲ್ಲು ಬೇಡ. ಬೆಂಗಳೂರಿನ ಮೆಟ್ರೋ ಕಾರ್ಡಿನಲ್ಲಿ ಸೆಲ್ಲು ಇರುತ್ತಾ? ಇಲ್ಲ ಅಲ್ವಾ, ಆದರೂ ಗೇಟಿಗೆ ತಾಗಿಸಿದರೆ ತೆಗೆಯುತ್ತೆ. ಹಾಗೇ ಇದೂ. ಸ್ಟಾರ್ಟ್ ಬಟನ್ ಸುತ್ತ ಒಂದು ತಂತಿ ಸುರುಳಿ ಇರುತ್ತೆ, ಚಾವಿ ಹತ್ತಿರ ಹಿಡಿದಾಗ ಆ ಸುರುಳಿಯಿಂದಲೇ ಚಿಪ್ಪಿಗೆ ಬೇಕಾದ ಚೂರು ಕರೆಂಟ್ ಸಿಗುತ್ತೆ. ಕೆಲವು ಕಾರಲ್ಲಿ ಚಾವಿ ಹಿಡಿಯಬೇಕಾದ ಜಾಗ ಬಟನ್ ಅಲ್ಲ, ಸ್ಟೇರಿಂಗ್ ಪಕ್ಕ, ಇಲ್ಲಾ ಕಪ್ ಇಡೋ ಗೂಡು, ಇಲ್ಲಾ ಅದಕ್ಕೇ ಅಂತ ಒಂದು ಸೀಳು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತೆ. ನನ್ನದು ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಪ್ಲಾಸ್ಟಿಕ್ ಸಹ ಬಿಚ್ಚದೆ ಮಲಗಿತ್ತು. ಅದಿದ್ದಿದ್ದೂ ಲಾಕ್ ಆದ ಕಾರಿನ ಒಳಗೇ!

ಇಷ್ಟು ಗೊತ್ತಿಲ್ಲದ್ದಕ್ಕೆ ಇನ್ನೊಂದು ಪೆದ್ದುತನ ಆಯಿತು. ಗುಡಿ ಮುಂದೆ ಎಂಜಿನ್ ಬಂದ್ ಮಾಡಿದರೆ ಮತ್ತೆ ಶುರು ಆಗುತ್ತೋ ಇಲ್ಲವೋ ಅಂತ ನಾನು ಕಾರಲ್ಲೇ ಕೂತೆ, ಅವರಿಬ್ಬರು ಮಕ್ಕಳನ್ನು ಕರೆದುಕೊಂಡು ದರ್ಶನ ಮುಗಿಸಿ ಬಂದರು. ವಾಪಸ್ ಬರುವಾಗ ಚೌಡಾಪುರದ ಮಿರ್ಚಿ ಬಜ್ಜಿ ಬಾಣಲೆಯ ಮುಂದೆಯೂ ನಿಲ್ಲಿಸಲಿಲ್ಲ. ಎಷ್ಟು ಸಲ ಬಂದ್ ಮಾಡಿದ್ದರೂ ಅದೇ ರೀತಿ ತಾಗಿಸಿ ಶುರು ಮಾಡಬಹುದಿತ್ತು. ನನಗೆ ದರ್ಶನ ತಪ್ಪಿದ್ದಕ್ಕೆ ಅವ್ವ, ಬಜ್ಜಿ ತಪ್ಪಿದ್ದಕ್ಕೆ ಮಗ ಇವತ್ತಿಗೂ ಮಾತಾಡುತ್ತಾರೆ.

ಮನೆಗೆ ಬಂದು ಸರ್ವಿಸ್ ಸೆಂಟರಿಗೆ ಫೋನ್ ಹಚ್ಚಿದೆ. ಯಾವ ಸೆಂಟರ್ ಅಂತ ಬೇಡ. ಆ ಕಡೆಯಿಂದ ಮಾತಾಡಿದ ಹುಡುಗ, "ಸರ್, ಸೆಲ್ ಪೂರ್ತಿ ಸತ್ತಿದ್ರೆ ಪ್ರೋಗ್ರಾಮಿಂಗ್ ಹೋಗಿರ್ತದೆ, ಹೊಸ ಕೀ ಆರ್ಡರ್ ಮಾಡಬೇಕಾಗಬಹುದು," ಅಂದು ಸಾವಿರಗಳಲ್ಲಿ ಒಂದು ಅಂಕಿ ಹೇಳಿದ. ನಾನು ಹೂಂ ಅಂದು ಇಟ್ಟೆ. ಸೆಲ್ಲು ತೆಗೆದ ತಕ್ಷಣ ಎಲ್ಲಾ ಮರೆತುಬಿಡೋಕೆ ಅದು ಗೋಡೆ ಗಡಿಯಾರ ಅಲ್ಲ. ಕಾರಿಗೂ ಚಾವಿಗೂ ನಡುವಿನ ಗುಟ್ಟು ಕರೆಂಟ್ ಇಲ್ಲದಿದ್ದರೂ ಉಳಿಯುವ ಮೆಮೊರಿಯಲ್ಲಿ ಕೂತಿರುತ್ತೆ. ಅಪರೂಪಕ್ಕೆ ಕೆಲವು ರಿಮೋಟ್‌ಗಳನ್ನು ಸೆಲ್ ಹಾಕಿದ ಮೇಲೆ ಒಂದು ಸಲ ಕಾರಿಗೆ ಪರಿಚಯ ಮಾಡಿಸಬೇಕಾಗುತ್ತೆ, ಅದನ್ನೂ ಪುಸ್ತಕದಲ್ಲೇ ಬರೆದಿರುತ್ತಾರೆ. ನನ್ನದಕ್ಕೆ ಅದೂ ಬೇಕಾಗಲಿಲ್ಲ.

ಸೆಲ್ ಬದಲಾಯಿಸೋಕೆ ಕೂತೆ. ಊಟದ ಮೇಜಿನ ಮೇಲೆ ಒಂದು ಹಳೇ ಟವೆಲ್ ಹಾಸಿದೆ, ಏನಾದರೂ ಚಿಮ್ಮಿದರೆ ಉರುಳಿ ಹೋಗಬಾರದು ಅಂತ. ಕಬ್ಬಿಣದ ಚಾವಿ ಎಳೆದು ತೆಗೆದರೆ ಅದಿದ್ದ ಸಂದಿಯಲ್ಲಿ ಎರಡು ಹೋಳು ಕೂಡುವ ಗೀರು ಕಾಣುತ್ತೆ. ಅಲ್ಲೇ ಚಪ್ಪಟೆ ಸ್ಕ್ರೂಡ್ರೈವರ್ ಕೊಡಬೇಕು, ತುದಿಗೆ ತೆಳು ಬಟ್ಟೆ ಸುತ್ತಿ. ನಾನು ಬಟ್ಟೆ ಸುತ್ತದೆ ಮೀಟಿದೆ, ಅದರ ಗುರುತು ಇನ್ನೂ ಇದೆ. ಒಂದೇ ಕಡೆ ಜೋರು ಮಾಡಬಾರದು. ಸ್ವಲ್ಪ ತಿರುವಿ, ಟಕ್ ಅಂದ ಮೇಲೆ ಉಗುರನ್ನು ಗೀರಿನುದ್ದಕ್ಕೂ ಓಡಿಸಿದರೆ ಒಂದೊಂದೇ ಕೊಕ್ಕೆ ಬಿಡುತ್ತಾ ಬರುತ್ತೆ, ಶೇಂಗಾ ಸಿಪ್ಪೆ ಬಿಡಿಸಿದ ಹಾಗೆ.

ಒಳಗೆ ಹಸಿರು ಹಲಗೆ, ಅದರ ಮೇಲೆ ಗುಂಡಿಗಳ ರಬ್ಬರ್ ಹಾಳೆ, ಇನ್ನೊಂದು ಕಡೆ ಸೆಲ್ಲು. ನಾಲ್ಕು ವರ್ಷದ ಧೂಳು ಮೂಲೆಯಲ್ಲಿ ತೆಳ್ಳಗೆ ಕೂತಿತ್ತು, ಒಂದು ಕಡೆ ಎಲ್ಲಿಂದಲೋ ಬಂದ ತೊಗರಿ ಸಿಪ್ಪೆಯ ಚೂರು. ಕಲಬುರಗಿ ಅಂದ ಮೇಲೆ ತೊಗರಿ ಎಲ್ಲಿಗೂ ಬರುತ್ತೆ. ಸೆಲ್ಲು ತೆಗೆಯೋ ಮುಂಚೆ ಒಂದು ಫೋಟೋ ಹೊಡೆದುಕೊಂಡೆ, ಯಾವ ಮುಖ ಮೇಲಿತ್ತು ಅಂತ ಆಮೇಲೆ ತಲೆ ಕೆರೆದುಕೊಳ್ಳೋದು ಬೇಡ. ಅಗಲ ಮುಖ, ಪ್ಲಸ್ ಗುರುತು, ಅಕ್ಷರ ಇರೋದು ಪಾಸಿಟಿವ್. ಸ್ವಲ್ಪ ಸಣ್ಣ ಸುತ್ತಿನ ಮುಖ ನೆಗೆಟಿವ್. ಕೆಲವು ಚಾವಿಯಲ್ಲಿ ಪ್ಲಸ್ ಮೇಲೆ, ಕೆಲವದರಲ್ಲಿ ಕೆಳಗೆ.

ಇಲ್ಲಿವರೆಗೆ ಸರಿಯಾಗಿತ್ತು. ಸೆಲ್ ಮೇಲಿನ ನಂಬರ್ ಓದುವಾಗ ಎಡವಟ್ಟಾಯಿತು. ಕನ್ನಡಕ ಹಾಕಿಕೊಂಡಿರಲಿಲ್ಲ. ಸಿಆರ್ 20 ಅಂತ ಕಂಡಿತು, ಮುಂದಿನದು ಮಸುಕು. ಓಣಿ ಮೂಲೆಯ ಅಂಗಡಿಗೆ ಹೋಗಿ ಇಷ್ಟಗಲದ್ದು ಕೊಡ್ರಿ ಅಂತ ತೋರಿಸಿದೆ. ಅವರು ಗಾಜಿನ ಡಬ್ಬಿಯಿಂದ ಒಂದು ಬಿಡಿ ಸೆಲ್ ತೆಗೆದು ಕೊಟ್ಟರು. ಮೇಲೆ 2025 ಅಂತಿತ್ತು.

"ಅದೇ ಏನ್ರಿ ಇದು?"

"ಎಲ್ಲಾ ಒಂದೇ ಅವರಿ, ತಗೊಂಡು ಹೋಗ್ರಿ."

ಒಂದೇ ಅಲ್ಲ. ಈ ನಂಬರಿನಲ್ಲೇ ಎಲ್ಲಾ ಬರೆದಿದೆ, ಓದೋಕೆ ನಮಗೆ ಬರಬೇಕಷ್ಟೆ. ಸಿ ಅಂದರೆ ಒಳಗಿರೋದು ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಜೋಡಿ, ಆರ್ ಅಂದರೆ ಗುಂಡಗಿದೆ ಅಂತ. ಮೊದಲ ಎರಡು ಅಂಕಿ ಅಗಲ, 20 ಮಿಲಿಮೀಟರ್. ಕೊನೆ ಎರಡು ದಪ್ಪ: 32 ಅಂದರೆ 3.2 ಮಿಲಿಮೀಟರ್, 25 ಅಂದರೆ 2.5, 16 ಅಂದರೆ 1.6. ಮೂರಕ್ಕೂ ವೋಲ್ಟೇಜ್ 3. ಅದಕ್ಕೇ ಅಂಗಡಿಯವರು ಒಂದೇ ಅಂದಿದ್ದು. ದಪ್ಪ ಕಡಿಮೆ ಆದಷ್ಟೂ ಒಳಗಿನ ಸರಕು ಕಡಿಮೆ. 2032ರಲ್ಲಿ ಸುಮಾರು 220 ಮಿಲಿಆಂಪ್ ಅವರ್ ಇದ್ದರೆ 2025ರಲ್ಲಿ ಸುಮಾರು 160. ಅದಕ್ಕಿಂತ ತೊಂದರೆ ಅಂದರೆ ಆ 0.7 ಮಿಲಿಮೀಟರ್ ಸಂದು. ಸೆಲ್ಲನ್ನು ಒತ್ತಿ ಹಿಡಿಯಬೇಕಾದ ತಗಡಿನ ಪಟ್ಟಿ ಗಟ್ಟಿಯಾಗಿ ತಾಗೋದೇ ಇಲ್ಲ.

ನನ್ನದು ತಾಗಿತು, ಮೂರು ದಿನ. ಕೆಂಪು ದೀಪ ಮಿನುಗಿತು, ಕಾರು ಕಣ್ಣು ಹೊಡೆಯಿತು, ನಾನು ಮನೆಯವಳ ಕಡೆ ನೋಡಿ ಮೀಸೆ ತಿರುವಿದೆ. ಮೂರನೇ ದಿನ ಜಗತ್ ಸರ್ಕಲ್ ಹತ್ತಿರ ಕಿಸೆಯಿಂದ ಚಾವಿ ಜಾರಿ ಬಿತ್ತು, ಮತ್ತೆ ಸತ್ತಿತು. ಅಂಗೈಗೆ ಬಡಿದರೆ ಬದುಕುತ್ತೆ, ಕಿಸೆಗೆ ಹಾಕಿದರೆ ಸಾಯುತ್ತೆ. ಹಿಂದೆ ಟಿವಿ ರಿಮೋಟಿಗೆ ಬಡಿದು ಚಾನೆಲ್ ಬದಲಾಯಿಸುತ್ತಿದ್ದೆವಲ್ಲ, ಆ ವಿದ್ಯೆ ಮತ್ತೆ ಕೆಲಸಕ್ಕೆ ಬಂತು. ಪಕ್ಕದ ಮನೆ ಕಾಕಾ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಮಡಚಿ ಸಂದಿಗೆ ತುರುಕು ಅಂದರು. ಮಾಡುತ್ತಿದ್ದೆನೇನೋ, ಸಿಗರೇಟ್ ಸೇದುವವರು ಮನೆಯಲ್ಲಿ ಯಾರೂ ಇಲ್ಲ.

ಕೊನೆಗೆ ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಗೆ ಹೋದೆ. ಅಲ್ಲೊಬ್ಬ ವಾಚ್ ರಿಪೇರಿ ಚಾಚಾ ಇದ್ದಾರೆ, ಅಪ್ಪನ ಕೈಗಡಿಯಾರದ ಕಾಲದಿಂದ ಪರಿಚಯ. ಮೊದಲೇ ಅಲ್ಲಿಗೆ ಯಾಕೆ ಹೋಗಲಿಲ್ಲ ಅಂತ ನನಗೇ ಗೊತ್ತಿಲ್ಲ. ಕಾರಿನದು ಅಂದರೆ ಕಾರಿನವರ ಹತ್ತಿರ, ವಾಚಿನದು ಅಂದರೆ ವಾಚಿನವರ ಹತ್ತಿರ ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತೆ ನೋಡಿ. ಸೆಲ್ಲಿನ ವಿಷಯ ದಿನಕ್ಕೆ ಇಪ್ಪತ್ತು ಸಲ ಸೆಲ್ ಹಾಕೋರಿಗಿಂತ ಇನ್ಯಾರಿಗೆ ಚೆನ್ನಾಗಿ ಗೊತ್ತಿರುತ್ತೆ?

ಎರಡೂ ಸೆಲ್ಲು ಅವರ ಮುಂದಿಟ್ಟೆ, ಕಾರಿನ ಜೊತೆ ಬಂದ 2032, ನಾನು ತಂದ 2025. ಒಂದು ಕಣ್ಣಿಗೆ ಬೂದುಗಾಜು ಸಿಕ್ಕಿಸಿಕೊಂಡು ಹಳೇ ಸೆಲ್ಲನ್ನು ತಿರುವಿ ನೋಡಿದರು. ಮೀಟರ್ ಇಟ್ಟರು. 2.8 ತೋರಿಸಿತು.

"ಮೂರರಾಗ ಬರೇ ಎರಡು ಪಾಯಿಂಟ್ ಕಮ್ಮಿ. ಹಂಗಾದ್ರ ಇದು ಸರಿ ಅದ ಅಲ್ರಿ ಚಾಚಾ?" ಅಂದೆ.

"ಕೂಡ್ರಿ, ತೋರಸ್ತೀನಿ." ಪಕ್ಕದಲ್ಲಿದ್ದ ಸಣ್ಣ ಟೆಸ್ಟರ್‌ನಲ್ಲಿ ಅದೇ ಸೆಲ್ ಇಟ್ಟು ಗುಂಡಿ ಒತ್ತಿದರು. ಮುಳ್ಳು ಸ್ವಲ್ಪ ಎದ್ದು ಸೋತು ಮಲಗಿತು. "ಸುಮ್ಮ ಕುಂತಾಗ ಎಲ್ಲಾರೂ ಪೈಲ್ವಾನರೇ. ಕೆಲಸ ಹಚ್ಚಿದಾಗ ಗೊತ್ತಾಗ್ತದ. ಇದರಾಗ ದಮ್ ಇಲ್ಲ."

ಈ ಜಾತಿಯ ಸೆಲ್ಲಿನ ಗುಣವೇ ಅದು. ಆಯುಷ್ಯದ ಬಹುಪಾಲು ವೋಲ್ಟೇಜ್ ಒಂದೇ ಮಟ್ಟದಲ್ಲಿ ನಿಂತಿರುತ್ತೆ, ಕೊನೆಯಲ್ಲಿ ದಡಕ್ಕನೆ ಇಳಿಯುತ್ತೆ. ಬರೀ ಮೀಟರ್ ಇಟ್ಟರೆ ಸೆಲ್ಲಿಗೆ ಯಾವ ಭಾರವೂ ಬೀಳಲ್ಲ, ಹಾಗಾಗಿ ಮುದಿ ಸೆಲ್ಲೂ ಪ್ರಾಯದ ಲೆಕ್ಕ ಹೇಳುತ್ತೆ. ಭಾರ ಹಾಕಿ ನೋಡಬೇಕು. ಹೊಸದನ್ನು ಮೀಟರ್‌ಗೆ ಹಿಡಿದಾಗ 3.2 ಬಂತು, ಟೆಸ್ಟರ್‌ನಲ್ಲಿ ಮುಳ್ಳು ಸೀದಾ ಹಸಿರಿಗೆ ಹೋಗಿ ಅಲ್ಲೇ ನಿಂತಿತು.

ಹೊಸ ಸೆಲ್ಲು ಡಬ್ಬಿಯಲ್ಲಿ ಬಿಡಿಯಾಗಿ ಬಿದ್ದಿದ್ದಲ್ಲ, ಒಂದೊಂದಕ್ಕೂ ಬೇರೆ ಗೂಡಿರುವ ಕಾರ್ಡಿನಲ್ಲಿ ಇತ್ತು. ಬಿಡಿ ಸೆಲ್ಲುಗಳು ಒಂದರ ಮೇಲೊಂದು ಬಿದ್ದರೆ ತಮ್ಮತಮ್ಮಲ್ಲೇ ಶಾರ್ಟ್ ಆಗಿ ಮಾರೋ ಮುಂಚೆಯೇ ಮುಗಿದಿರುತ್ತವಂತೆ. ಚಾಚಾ ಅದನ್ನು ಪ್ಲಾಸ್ಟಿಕ್ ಚಿಮಟದಲ್ಲಿ ಹಿಡಿದರು. ಸ್ಟೀಲ್ ಚಿಮಟ ಎರಡೂ ಮುಖಕ್ಕೆ ತಾಗಿದರೆ ಅದೂ ಶಾರ್ಟೇ. ಬೆರಳಲ್ಲಿ ಹಿಡಿಯೋದಾದರೆ ಅಂಚು ಹಿಡಿಯಿರಿ, ಮುಖ ಮುಟ್ಟಬೇಡಿ ಅಂದರು, ಬೆರಳಿನ ಜಿಡ್ಡು ಕೂತರೆ ಸಂಪರ್ಕ ಕೆಡುತ್ತೆ. ಒಣ ಬಟ್ಟೆಯಿಂದ ಒರೆಸಿ, ತೆಳ್ಳನೆ ಸೆಲ್ಲಿಗೆ ಬಡಿದು ಬಡಿದು ನಾನು ಬಗ್ಗಿಸಿದ್ದ ತಗಡಿನ ಪಟ್ಟಿಯನ್ನು ಉಗುರು ತುದಿಯಲ್ಲಿ ಕೂದಲಷ್ಟು ಮೇಲೆತ್ತಿ, ಸೆಲ್ ಕೂರಿಸಿ, ಸುತ್ತಲಿನ ರಬ್ಬರ್ ದಾರ ತನ್ನ ಗೀರಿನಲ್ಲಿ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ, ಎರಡೂ ಹೋಳು ಒತ್ತಿದರು. ಮೂರು ಕಡೆ ಟಕ್, ಟಕ್, ಟಕ್. ಎಣಿಸಿದೆ.

ಅರವತ್ತು ರೂಪಾಯಿ. ಹಾಕಿಕೊಟ್ಟಿದ್ದಕ್ಕೆ ಬೇರೆ ಇಲ್ಲ. ಬೆಳ್ಳಿ ಹಾಳೆ ಸಂಗತಿ ಹೇಳಿದೆ. ಚಾಚಾ ಬೂದುಗಾಜು ತೆಗೆದು ನನ್ನನ್ನು ನೋಡಿದ ನೋಟಕ್ಕೆ ಇನ್ನೊಂದು ಅರವತ್ತು ಕೊಡಬಹುದಿತ್ತು.

ಇನ್ನೊಂದು ಸಂಗತಿ ಇದೆ, ಇದನ್ನು ಬರೆಯೋಕೆ ಈಗಲೂ ಕೈ ನಡುಗುತ್ತೆ. ಆ ಎರಡು ಹಳೇ ಸೆಲ್ಲನ್ನು ಮನೆಗೆ ತಂದು ಮೇಜಿನ ಮೇಲಿಟ್ಟೆ. ಕೈ ತೊಳೆದು ಬರುವಷ್ಟರಲ್ಲಿ ಒಂದೇ ಇತ್ತು. ನನ್ನ ಮಗಳಿಗೆ ಎರಡು ವರ್ಷ, ಸಿಕ್ಕಿದ್ದೆಲ್ಲಾ ಬಾಯಿಗೇ. ಅವಳು ಮೇಜಿನ ಪಕ್ಕದಲ್ಲೇ ಕೂತಿದ್ದಳು, ಬಾಯಿ ಮುಚ್ಚಿಕೊಂಡು. ಬೆರಳು ಹಾಕಿ ಬಾಯಿ ತೆಗೆಸಿದರೆ ರೊಟ್ಟಿ ಚೂರು. ಆದರೂ ಸಮಾಧಾನ ಇಲ್ಲ, ನುಂಗಿದ್ದರೆ? ಅವ್ವ ಬುಟ್ಟಿ ಎತ್ತಿದಳು, ಮನೆಯವಳು ಕುರ್ಚಿ ಎಲ್ಲಾ ಸರಿಸಿದಳು, ನಾನು ಕಾರಿನ ಚಾವಿ ತಗೊಂಡೇ ಬಿಟ್ಟೆ ಆಸ್ಪತ್ರೆಗೆ ಹೊರಡೋಕೆ. ರೊಟ್ಟಿ ಬುಟ್ಟಿಯ ಕೆಳಗಿನ ಬಟ್ಟೆ ಮಡಿಕೆಯಲ್ಲಿ ಸಿಕ್ಕಿತು. ಅದೆಷ್ಟು ನಿಮಿಷ ಆಗಿತ್ತೋ, ನನಗೆ ಒಂದು ದಿನ ಅನಿಸಿತು.

ನಾಣ್ಯ ನುಂಗಿದರೆ ಹೊರಗೆ ಬರುತ್ತೆ ಅಂತ ನಮ್ಮಲ್ಲಿ ಸುಮ್ಮನಿರುತ್ತಾರೆ. ಇದು ನಾಣ್ಯ ಅಲ್ಲ. 20 ಮಿಲಿಮೀಟರ್ ಅಗಲದ ಸೆಲ್ಲು ಸಣ್ಣ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತೆ. ಅಲ್ಲಿನ ಒದ್ದೆಯಲ್ಲಿ ಕರೆಂಟ್ ಹರಿದು, ನೆಗೆಟಿವ್ ಮುಖದ ಹತ್ತಿರ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟಿ ಒಳಗಿನ ಪದರ ಸುಡುತ್ತೆ. ಎರಡು ಗಂಟೆ ಸಾಕು, ದೊಡ್ಡ ಗಾಯ ಆಗೋಕೆ. ರಿಮೋಟಿಗೆ ಸತ್ತಂತೆ ಕಾಣೋ ಸೆಲ್ಲಿನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತೆ. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ನೋಡೋಣ ಅಂತ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಸೆಲ್ಲಿನ ಕಾರ್ಡು ಕತ್ತರಿ ಇಲ್ಲದೆ ಹರಿಯೋಕೆ ಆಗದ ಹಾಗೆ ಯಾಕೆ ಮಾಡಿರುತ್ತಾರೆ ಅಂತ ಬೈಯುತ್ತಿದ್ದೆ. ಈಗ ಬೈಯಲ್ಲ.

ಈಗ ಹಳೇ ಸೆಲ್ಲು ತೆಗೆದ ತಕ್ಷಣ ಎರಡೂ ಮುಖಕ್ಕೆ ಸೆಲೋಟೇಪ್ ಸುತ್ತಿ ಮೇಲಿನ ಅಟ್ಟದ ಡಬ್ಬಿಗೆ ಹಾಕುತ್ತೇನೆ. ಕಸದ ಗಾಡಿಗೆ ಹಾಕೋ ಹಾಗಿಲ್ಲ, 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಬೇರೆಯಾಗೇ ಕೊಡಬೇಕು. ನಾಲ್ಕಾರು ಕೂಡಿದ ಮೇಲೆ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟರಾಯಿತು.

ಆಮೇಲೆ ಇನ್ನೂ ಒಂದು ಬದಲಾವಣೆ ಮಾಡಿದೆ. ಚಾವಿ ತೂಗುಹಾಕುವ ಮೊಳೆ ನಮ್ಮ ಮುಂಬಾಗಿಲ ಪಕ್ಕ ಇತ್ತು, ಗೋಡೆಯ ಆ ಕಡೆಗೇ ಕಾರು ನಿಲ್ಲುತ್ತೆ. ಇಂಥ ಕಾರು, ಚಾವಿ ಹತ್ತಿರ ಇದೆಯಾ ಅಂತ ಸಣ್ಣ ಸಂಕೇತ ಬಿಡುತ್ತಿರುತ್ತೆ. ಚಾವಿ ಅಷ್ಟು ಹತ್ತಿರ ಇದ್ದರೆ ಇದ್ದೀನಿ, ಇದ್ದೀನಿ ಅಂತ ಉತ್ತರ ಕೊಡುತ್ತಾ ಸೆಲ್ಲು ತಿನ್ನಬಹುದು. ಮೊಳೆಯನ್ನು ಹಿಂದಿನ ಖೋಲಿಗೆ ಸಾಗಿಸಿದೆ. ಅಷ್ಟು ದೂರ ನಡೆಯಬೇಕಲ್ಲ ಅಂತ ಮಗ ಗೊಣಗುತ್ತಾನೆ, ಅವನಿಗೆ ಕಾರು ಓಡಿಸೋಕೆ ಇನ್ನೂ ಹತ್ತು ವರ್ಷ ಇದೆ.

ಅಲ್ಮಾರದಲ್ಲಿದ್ದ ಎರಡನೇ ಚಾವಿ ಮೊನ್ನೆ ತೆಗೆದು ಒತ್ತಿ ನೋಡಿದೆ. ದೀಪವೇ ಇಲ್ಲ. ನಾಲ್ಕು ವರ್ಷ ಸುಮ್ನೆ ಮಲಗಿದ್ದೇ ಅದರ ಆಯುಷ್ಯ ತಿಂದಿತ್ತು. ಅಂದರೆ ಅವತ್ತು ತಮ್ಮ ಬೈಕ್ ಮೇಲೆ 40 ಕಿಲೋಮೀಟರ್ ತಂದುಕೊಟ್ಟಿದ್ದರೂ ನಾನು ಅದೇ ಒದ್ದೆ ಪಂಚೆಯಲ್ಲೇ ನಿಂತಿರುತ್ತಿದ್ದೆ. ಈ ಸಲ ಕನ್ನಡಕ ಹಾಕಿಕೊಂಡು, ಸ್ಕ್ರೂಡ್ರೈವರ್‌ಗೆ ಬಟ್ಟೆ ಸುತ್ತಿ, ಮಗಳನ್ನು ಅವ್ವನ ಮಡಿಲಿಗೆ ಕೊಟ್ಟು ಬಿಚ್ಚಿದೆ. 2032 ಹಾಕಿ, ಮುಚ್ಚಳದ ಒಳಮೈಗೆ ಮಾರ್ಕರ್‌ನಿಂದ ತಿಂಗಳು, ವರ್ಷ ಬರೆದೆ. ಮೂರು ಸಲ ಟಕ್ ಅಂತು. ಹೊರಗೆ ಕಾರು ಕಣ್ಣು ಹೊಡೆಯಿತು, ಒಳಗೆ ಮನೆಯವಳು ಎರಡು ಚಹಾ ಸೋಸುತ್ತಿದ್ದಳು.